ತೆರಿಗೆ ತೆಗೆದುಕೊಂಡ ಮೇಲೆ ಕ್ರಿಪ್ಟೋ ಕಾಯಿನ್ ಕಾಯುವ ನಿಯಮವನ್ನೂ ಮಾಡಿ: ಹಣಕಾಸು ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೇಂದ್ರ ಹಣಕಾಸು ಸಚಿವೆ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರಿಗೆ ನಮಸ್ಕಾರ.

ನೀವು ರಾಜ್ಯಸಭೆಗೆ ಹೋಗಿರುವುದು ಕರ್ನಾಟಕದಿಂದ. ಅದಕ್ಕೇ ಈ ಪತ್ರವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಜನರ ಆದಾಯ ತೆರಿಗೆ ರಿಟರ್ನ್ ತುಂಬಿಕೊಡುವ ಕೆಲಸ ಮಾಡುತ್ತೇನೆ. ಬಟ್ಟೆ ಅಂಗಡಿಯವರು, ಅಡಿಕೆ ವ್ಯಾಪಾರಿಗಳು, ಶಾಲೆಯ ಮೇಷ್ಟ್ರುಗಳು ನನ್ನ ಹಳೆಯ ಗಿರಾಕಿಗಳು. ಈಚೆಗೆ ಇನ್ನೊಂದು ಗುಂಪು ಜಾಸ್ತಿಯಾಗಿದೆ. ಇಪ್ಪತ್ತೈದು, ಮೂವತ್ತು ವಯಸ್ಸಿನವರು. ಸಂಬಳದಲ್ಲಿ ಸ್ವಲ್ಪ ಉಳಿಸಿ ಫೋನಿನಲ್ಲೇ ಕ್ರಿಪ್ಟೋ, ಅಂದರೆ ಬಿಟ್‌ಕಾಯಿನ್‌ನಂಥ ಡಿಜಿಟಲ್ ಕಾಯಿನ್, ಕೊಂಡವರು.

ಅವರ ಪರವಾಗಿ ನಾನು ಕೇಳುವುದು ಒಂದೇ. ಕಾಯಿನ್ ಕೊಳ್ಳುವ ಮಾರುವ ಎಕ್ಸ್‌ಚೇಂಜ್ ಆಗಲಿ, ಕಾಯಿನ್ ಇಟ್ಟುಕೊಳ್ಳುವ ಆನ್‌ಲೈನ್ ವಾಲೆಟ್ ಕಂಪನಿಯಾಗಲಿ, ಜನರ ಕಾಯಿನ್ ತನ್ನ ಕೈಯಲ್ಲಿ ಇಟ್ಟುಕೊಂಡರೆ ಅದನ್ನು ಹೇಗೆ ಕಾಯಬೇಕು, ಕೇಳಿದಾಗ ಹೇಗೆ ವಾಪಸ್ ಕೊಡಬೇಕು, ಕಳೆದರೆ ಯಾರು ಹೊಣೆ ಎಂದು ಕಾನೂನಿನಲ್ಲಿ ಬರೆಯಿರಿ. ಇವತ್ತು ನಮ್ಮ ದೇಶದಲ್ಲಿ ಅಂಥ ಕಾನೂನು ಇಲ್ಲ.

ರಿಟರ್ನ್ ತುಂಬುವ ಹಂಗಾಮಿನಲ್ಲಿ ಒಬ್ಬ ನರ್ಸ್ ನನ್ನ ಆಫೀಸಿಗೆ ಬಂದಿದ್ದರು. ತಿಂಗಳಿಗೆ ಸಾವಿರ, ಎರಡು ಸಾವಿರ ಅಂತ ಒಂದು ಆಪ್‌ನಲ್ಲಿ ಬಿಟ್‌ಕಾಯಿನ್, ಈಥರ್ ಕೊಂಡಿದ್ದರು. ಫೋನ್ ತೆಗೆದು ಮೇಜಿನ ಮೇಲಿಟ್ಟರು. ಮೊತ್ತ ಕಾಣುತ್ತಿತ್ತು. ಬೆಲೆ ಏರಿಳಿಯುವುದೂ ಕಾಣುತ್ತಿತ್ತು. ವಿತ್‌ಡ್ರಾ ಬಟನ್ ಮಾತ್ರ ಬೂದು ಬಣ್ಣದಲ್ಲಿತ್ತು. ಒತ್ತಿದರೆ "ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ" ಎಂಬ ಒಂದು ಸಾಲು ಬರುತ್ತಿತ್ತು. ಅದು ಶುರುವಾಗಿ ತಿಂಗಳುಗಳೇ ಕಳೆದಿದ್ದವು. ಇತ್ತ ನನ್ನ ಕಂಪ್ಯೂಟರಿನಲ್ಲಿ ಅವರ 26ಎಎಸ್, ಅಂದರೆ ಅವರ ಹೆಸರಿನಲ್ಲಿ ಹಿಡಿದ ತೆರಿಗೆಯ ಪಟ್ಟಿ, ತೆರೆದಿತ್ತು. ಹಿಂದೆ ತಮ್ಮನ ಕಾಲೇಜ್ ಫೀಸಿಗೆ ಅಂತ ಸ್ವಲ್ಪ ಮಾರಿದ್ದರು. ಅದಕ್ಕೆ ಹಿಡಿದ ಶೇಕಡಾ 1ರ ಟಿಡಿಎಸ್ ಪೈಸೆ ಬಿಡದೆ ದಾಖಲಾಗಿತ್ತು.

"ಸರ್, ನಾನು ಕೊಂಡಿದ್ದು ಮಾರಿದ್ದು ಎಲ್ಲಾ ಸರ್ಕಾರಕ್ಕೆ ಗೊತ್ತಿದೆ ಅಲ್ವಾ? ಹಾಗಾದ್ರೆ ನನ್ನ ಕಾಯಿನ್ ಎಲ್ಲಿದೆ ಅಂತ ಅವರನ್ನೇ ಕೇಳಬಹುದಾ?" ಎಂದರು.

ಅವರ ಪ್ರಶ್ನೆಯನ್ನು ನಿಮಗೆ ತಲುಪಿಸುತ್ತಿದ್ದೇನೆ.

ರಿಟರ್ನ್‌ನಲ್ಲಿ ಕ್ರಿಪ್ಟೋ ಲೆಕ್ಕ ಬರೆಯಲು ಶೆಡ್ಯೂಲ್ ವಿಡಿಎ ಎಂಬ ಭಾಗ ಇದೆ. ಕೊಂಡ ದಿನ, ಮಾರಿದ ದಿನ, ಕೊಂಡ ಬೆಲೆ, ಮಾರಿದ ಬೆಲೆ ಬರೆಯಬೇಕು. ಲಾಭ ಬಂದರೆ 2022ರ ಏಪ್ರಿಲ್‌ನಿಂದ ಶೇಕಡಾ 30ರ ತೆರಿಗೆ. ನಷ್ಟವಾದರೆ ಸೊನ್ನೆ ಬರೆಯಬೇಕು. ಆ ನಷ್ಟವನ್ನು ಇನ್ನೊಂದು ಕಾಯಿನ್‌ನ ಲಾಭದಲ್ಲಿ ಕಳೆಯುವ ಹಾಗಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವ ಹಾಗೂ ಇಲ್ಲ. ಕಳವಾದ ಕಾಯಿನ್‌ಗಂತೂ ಅಲ್ಲಿ ಜಾಗವೇ ಇಲ್ಲ. 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ಅಡಿಗೆ ಬಂದವು. ಅನುಮಾನದ ಹಣದ ಮೇಲೆ ಕಣ್ಣಿಡುವ ಕೇಂದ್ರದ ಸಂಸ್ಥೆ ಎಫ್‌ಐಯುನಲ್ಲಿ ನೋಂದಾಯಿಸಬೇಕು, ಗ್ರಾಹಕರ ಕೆವೈಸಿ ಮಾಡಬೇಕು, ಅನುಮಾನದ ವ್ಯವಹಾರ ಕಂಡರೆ ವರದಿ ಕೊಡಬೇಕು. ಇವೆಲ್ಲ ಸರಿ, ಬೇಕು ಕೂಡ. ಆದರೆ ಇದರಿಂದ ಗ್ರಾಹಕ ಯಾರು ಅಂತ ಸರ್ಕಾರಕ್ಕೆ ಗೊತ್ತಾಗುತ್ತದೆ. ತನ್ನ ಕಾಯಿನ್ ಹೇಗಿದೆ ಅಂತ ಗ್ರಾಹಕನಿಗೆ ಗೊತ್ತಾಗುವುದಿಲ್ಲ.

ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನ ಪ್ರಕರಣ ನಿಮಗೆ ಗೊತ್ತೇ ಇದೆ. 2024ರ ಜುಲೈ 18ರಂದು ಅದರ ಒಂದು ವಾಲೆಟ್‌ನಿಂದ ಸುಮಾರು 23.5 ಕೋಟಿ ಡಾಲರ್ ಹೋಯಿತು. ನಮ್ಮ ಲೆಕ್ಕದಲ್ಲಿ ಎರಡು ಸಾವಿರ ಕೋಟಿ ರೂಪಾಯಿಯ ಹತ್ತಿರ. ಎಕ್ಸ್‌ಚೇಂಜ್‌ನಲ್ಲಿದ್ದ ಒಟ್ಟು ಆಸ್ತಿಯ ಅರ್ಧದಷ್ಟಕ್ಕೆ ಸ್ವಲ್ಪ ಕಡಿಮೆ. ಆ ವಾಲೆಟ್‌ನಿಂದ ಕಾಯಿನ್ ಕಳಿಸಲು ಒಪ್ಪಿಗೆ ಕೊಡುವ ಆರು ಸಹಿದಾರರಿದ್ದರು. ಐವರು ಎಕ್ಸ್‌ಚೇಂಜ್‌ನವರು, ಒಬ್ಬರು ಕಸ್ಟಡಿ, ಅಂದರೆ ಕಾಯಿನ್ ಕಾವಲು, ನೋಡಿಕೊಳ್ಳುತ್ತಿದ್ದ ಕಂಪನಿಯವರು. ಪರದೆಯ ಮೇಲೆ ಕಂಡ ವ್ಯವಹಾರ ಒಂದು, ಸಹಿ ಬಿದ್ದ ವ್ಯವಹಾರ ಇನ್ನೊಂದು ಎಂದು ಎಕ್ಸ್‌ಚೇಂಜ್ ಹೇಳಿತು. ನಮ್ಮ ವ್ಯವಸ್ಥೆಗೆ ಏನೂ ಆಗಿಲ್ಲ ಎಂದು ಕಸ್ಟಡಿ ಕಂಪನಿ ಹೇಳಿತು. ಎಕ್ಸ್‌ಚೇಂಜ್‌ನ ಮಾಲೀಕರು ಯಾರು ಎಂಬ ಜಗಳವಂತೂ 2022ರಿಂದಲೇ ನಡೆಯುತ್ತಿತ್ತು. 2025ರ ಜನವರಿಯಲ್ಲಿ ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ ಒಟ್ಟಾಗಿ ಹೇಳಿಕೆ ಕೊಟ್ಟು, ಈ ಕಳ್ಳತನದ ಹಿಂದೆ ಉತ್ತರ ಕೊರಿಯಾದವರಿದ್ದಾರೆ ಎಂದವು.

ಕಳ್ಳರು ಯಾರು ಅಂತ ಗೊತ್ತಾದರೂ ಗ್ರಾಹಕರ ಪಾಡು ಬದಲಾಗಲಿಲ್ಲ. ಕಂಪನಿ ಸಿಂಗಾಪುರದ ಹೈಕೋರ್ಟಿಗೆ ಹೋಯಿತು, ಯಾಕೆಂದರೆ ಅದರ ಮಾತೃಸಂಸ್ಥೆ ಅಲ್ಲಿಯದು. ರೂಪಾಯಿ ಕೊಟ್ಟು ಕಾಯಿನ್ ಕೊಂಡ ನಮ್ಮ ಊರಿನ ಹುಡುಗರು ಸಿಂಗಾಪುರದ ಕೋರ್ಟಿನ ಕಾಗದಪತ್ರ ಓದುತ್ತಾ, ಉಳಿದ ಕಾಯಿನ್ ಹಂಚುವ ಬಗ್ಗೆ ಇಮೇಲ್‌ನಲ್ಲಿ ಬಂದ ಯೋಜನೆಗೆ ಹೌದು ಅಥವಾ ಇಲ್ಲ ಅಂತ ಮತ ಹಾಕಬೇಕಾಯಿತು. ಒಮ್ಮೆ ಹಾಕಿದ ಮತದ ಮೇಲೆ ಬಂದ ಯೋಜನೆಯನ್ನು ಕೋರ್ಟ್ ತಿರಸ್ಕರಿಸಿತು. ಮತ್ತೆ ಮತದಾನ ನಡೆಯಿತು. ವ್ಯವಹಾರ ಮತ್ತೆ ಶುರುವಾದದ್ದು 2025ರ ಅಕ್ಟೋಬರ್ ಕೊನೆಯಲ್ಲಿ. ಹದಿನೈದು ತಿಂಗಳು ಕಾಯಿನ್ ಕೈಗೆ ಸಿಗಲಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕಳವಾದದ್ದು ಇಥೀರಿಯಂ ಎಂಬ ಒಂದು ಕ್ರಿಪ್ಟೋ ಜಾಲದ ಟೋಕನ್‌ಗಳು, ಅಂದರೆ ಆ ಜಾಲದಲ್ಲಿ ಓಡಾಡುವ ಕಾಯಿನ್‌ಗಳು. ಬೇರೆ ಜಾಲದ ಕಾಯಿನ್ ಇಟ್ಟವರದ್ದು ಹೋಗಿರಲಿಲ್ಲ. ಆದರೂ ನಷ್ಟವನ್ನು ಎಲ್ಲರ ಮೇಲೂ ಹಂಚುವ ಯೋಜನೆ ಬಂತು. ಎಕ್ಸ್‌ಆರ್‌ಪಿ ಎಂಬ ಬೇರೆ ಜಾಲದ ಕಾಯಿನ್ 3,532 ಇಟ್ಟಿದ್ದ ಒಬ್ಬ ಮಹಿಳೆ ಮದ್ರಾಸ್ ಹೈಕೋರ್ಟಿಗೆ ಹೋದರು. 2025ರ ಅಕ್ಟೋಬರ್‌ನಲ್ಲಿ ಆ ಕೋರ್ಟ್, ಕ್ರಿಪ್ಟೋ ಒಂದು ಆಸ್ತಿ, ಅದನ್ನು ಇನ್ನೊಬ್ಬರ ಪರವಾಗಿ ನಂಬಿಕೆಯ ಮೇಲೆ ಇಟ್ಟುಕೊಳ್ಳಬಹುದು ಎಂದಿತು. ಅವರ ಕಾಯಿನ್‌ಗೆ ಭದ್ರತೆ ಒದಗಿಸುವಂತೆಯೂ ಹೇಳಿತು. ಒಬ್ಬರು ಕೋರ್ಟಿಗೆ ಹೋಗಿ ಪಡೆದ ಈ ರಕ್ಷಣೆ ಕಾನೂನಿನಲ್ಲೇ ಇದ್ದಿದ್ದರೆ ಎಲ್ಲರಿಗೂ ಸಿಗುತ್ತಿತ್ತು. ದಾವಣಗೆರೆಯ ನರ್ಸ್ ಐವತ್ತು ಸಾವಿರ ರೂಪಾಯಿಗಾಗಿ ಹೈಕೋರ್ಟ್ ಮೆಟ್ಟಿಲು ಹತ್ತಲು ಆಗುತ್ತದೆಯೇ?

ಬೇರೆ ರೀತಿಯಲ್ಲೂ ನಡೆಯಬಹುದು ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ಎಕ್ಸ್‌ಚೇಂಜ್‌ನಿಂದ ಸುಮಾರು 4.4 ಕೋಟಿ ಡಾಲರ್ ಕಳವಾಯಿತು. ಬೆಂಗಳೂರು ಪೊಲೀಸರು ತನಿಖೆ ಮಾಡಿದರು. ಹೋದದ್ದು ಕಂಪನಿಯ ಸ್ವಂತ ವ್ಯವಹಾರದ ಖಾತೆಯಿಂದ, ಗ್ರಾಹಕರ ಕಾಯಿನ್ ಬೇರೆ ವಾಲೆಟ್‌ನಲ್ಲಿದೆ, ನಷ್ಟ ನಾವೇ ಭರಿಸುತ್ತೇವೆ ಎಂದು ಕಂಪನಿ ಹೇಳಿತು. ಅದೇ ವರ್ಷದ ಫೆಬ್ರವರಿಯಲ್ಲಿ ಬೈಬಿಟ್ ಎಂಬ ವಿದೇಶಿ ಎಕ್ಸ್‌ಚೇಂಜ್ ಸುಮಾರು 150 ಕೋಟಿ ಡಾಲರ್ ಕಳೆದುಕೊಂಡಿತು. ಅಲ್ಲೂ ಸಹಿ ಹಾಕಿದವರ ಪರದೆ ತೋರಿಸಿದ್ದು ಒಂದು, ನಡೆದದ್ದು ಇನ್ನೊಂದು. ಆದರೆ ಅದು ವಿತ್‌ಡ್ರಾ ನಿಲ್ಲಿಸಲಿಲ್ಲ. ಇವೆರಡೂ ಆಯಾ ಕಂಪನಿಯ ಆಯ್ಕೆ. ನಾಳೆ ಇನ್ನೊಂದು ಕಂಪನಿ ಬೇರೆ ಆಯ್ಕೆ ಮಾಡಿದರೆ ಅದನ್ನು ಕೇಳಲು ನಮ್ಮ ಕಾನೂನಿನಲ್ಲಿ ಏನೂ ಇಲ್ಲ.

ಜಪಾನ್ ಇದನ್ನು ಕಷ್ಟಪಟ್ಟು ಕಲಿಯಿತು. ಟೋಕಿಯೋದ ಮೌಂಟ್ ಗಾಕ್ಸ್ ಎಂಬ ಎಕ್ಸ್‌ಚೇಂಜ್ 2014ರ ಫೆಬ್ರವರಿಯಲ್ಲಿ ಮುಚ್ಚಿತು. ಎಂಟೂವರೆ ಲಕ್ಷ ಬಿಟ್‌ಕಾಯಿನ್ ಕಾಣುತ್ತಿಲ್ಲ ಎಂದರು, ಆಮೇಲೆ ಎರಡು ಲಕ್ಷ ಸಿಕ್ಕಿತು. ಬಾಕಿ ಬರಬೇಕಾದವರ ಪಟ್ಟಿಯಲ್ಲಿದ್ದ ಗ್ರಾಹಕರಿಗೆ ಕಾಯಿನ್ ವಾಪಸ್ ಕೊಡಲು ಶುರು ಮಾಡಿದ್ದು 2024ರ ಜುಲೈನಲ್ಲಿ. ಹತ್ತು ವರ್ಷ! 2017ರಲ್ಲಿ ಎಕ್ಸ್‌ಚೇಂಜ್‌ಗಳ ನೋಂದಣಿ ಕಡ್ಡಾಯವಾಯಿತು. ಮರುವರ್ಷವೇ ಕಾಯಿನ್‌ಚೆಕ್ ಎಂಬ ಎಕ್ಸ್‌ಚೇಂಜ್‌ನಿಂದ 5,800 ಕೋಟಿ ಯೆನ್ ಹೋಯಿತು. ನೋಂದಣಿ ಒಂದೇ ಸಾಲದು ಅಂತ ಆಗ ಅವರಿಗೆ ಅರ್ಥವಾಯಿತು. 2020ರ ಮೇ ತಿಂಗಳಿಂದ ಜಾರಿಗೆ ಬಂದ ನಿಯಮ ನೋಡಿ: ಗ್ರಾಹಕರ ಕಾಯಿನ್ ಕಂಪನಿಯ ಕಾಯಿನ್ ಜೊತೆ ಬೆರೆಯಬಾರದು. ಅದರಲ್ಲಿ ಕನಿಷ್ಠ ಶೇಕಡಾ 95ರಷ್ಟು ಇಂಟರ್ನೆಟ್‌ಗೆ ತಾಗದ ಕೋಲ್ಡ್ ವಾಲೆಟ್‌ನಲ್ಲಿರಬೇಕು. ಉಳಿದದ್ದನ್ನು ಆನ್‌ಲೈನ್‌ನಲ್ಲಿ ಇಟ್ಟರೆ ಅಷ್ಟೇ ಮೊತ್ತದ ಕಾಯಿನ್ ಕಂಪನಿ ತನ್ನ ಕೈಯಿಂದ ತೆಗೆದಿಡಬೇಕು.

ಈ ನಿಯಮದ ಪರೀಕ್ಷೆಯೂ ನಡೆಯಿತು. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ ದೊಡ್ಡ ವಿದೇಶಿ ಎಕ್ಸ್‌ಚೇಂಜ್ ದಿವಾಳಿಯಾಯಿತು. ಪ್ರಪಂಚದ ತುಂಬಾ ಅದರ ಗ್ರಾಹಕರು ಗೋಳಾಡುತ್ತಿದ್ದರು. ಎಫ್‌ಟಿಎಕ್ಸ್ ಜಪಾನ್‌ನ ಗ್ರಾಹಕರು 2023ರ ಫೆಬ್ರವರಿಯಲ್ಲೇ ತಮ್ಮ ಹಣ ತೆಗೆಯಲು ಶುರು ಮಾಡಿದರು. ಕಂಪನಿ ಅದೇ, ಮಾಲೀಕರು ಅದೇ. ಮೌಂಟ್ ಗಾಕ್ಸ್‌ನವರಿಗೆ ಹತ್ತು ವರ್ಷ ಹಿಡಿದದ್ದು ಇವರಿಗೆ ಮೂರು ತಿಂಗಳಲ್ಲಿ ಆಯಿತು. ಇವರ ಕಾಯಿನ್ ಮೊದಲಿಂದಲೂ ಬೇರೆಯೇ ಇತ್ತು.

ನಿಯಮ ಮಾಡಿದರೆ ಕ್ರಿಪ್ಟೋಗೆ ಸರ್ಕಾರ ಸರ್ಟಿಫಿಕೇಟ್ ಕೊಟ್ಟ ಹಾಗಾಗುತ್ತದೆ ಎಂಬ ಅಳುಕು ನಿಮ್ಮ ಇಲಾಖೆಯಲ್ಲೂ ರಿಸರ್ವ್ ಬ್ಯಾಂಕಿನಲ್ಲೂ ಇದೆ. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಕ್ರಿಪ್ಟೋ ಕೊಳ್ಳಿ ಅಂತ ನಾನು ಯಾವ ಗಿರಾಕಿಗೂ ಹೇಳಿದವನಲ್ಲ. ಆದರೆ ಬ್ಯಾಂಕ್ ಲಾಕರ್ ವಿಷಯದಲ್ಲಿ ನಾವೇ ಏನು ಮಾಡಿದ್ದೇವೆ ನೋಡಿ. ಲಾಕರ್ ಒಳಗೆ ಏನಿದೆ ಅಂತ ಬ್ಯಾಂಕಿಗೆ ಗೊತ್ತಿರುವುದಿಲ್ಲ. ಹಾಗಾಗಿ ನಮ್ಮ ಹೊಣೆ ಇಲ್ಲ ಅಂತ ಬ್ಯಾಂಕ್‌ಗಳು ಬಹಳ ಕಾಲ ಹೇಳಿದವು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಹೀಗೆ ಕೈ ತೊಳೆದುಕೊಳ್ಳುವಂತಿಲ್ಲ, ಆರು ತಿಂಗಳಲ್ಲಿ ನಿಯಮ ಮಾಡಿ ಎಂದಿತು. ರಿಸರ್ವ್ ಬ್ಯಾಂಕ್ ಮಾಡಿತು. 2022ರ ಜನವರಿ 1ರಿಂದ, ಬೆಂಕಿ, ಕಳ್ಳತನ, ಸಿಬ್ಬಂದಿಯ ವಂಚನೆಯಿಂದ ಲಾಕರ್‌ನಲ್ಲಿದ್ದದ್ದು ಹೋದರೆ ಬ್ಯಾಂಕ್ ವಾರ್ಷಿಕ ಬಾಡಿಗೆಯ ನೂರು ಪಟ್ಟಿನಷ್ಟು ಹೊಣೆ ಹೊರಬೇಕು. ಮೂರು ಸಾವಿರ ಬಾಡಿಗೆ ಇದ್ದರೆ ಮೂರು ಲಕ್ಷ. ಇದರಿಂದ ಚಿನ್ನ ಕೊಳ್ಳಿ ಅಂತ ರಿಸರ್ವ್ ಬ್ಯಾಂಕ್ ಪ್ರಚಾರ ಮಾಡಿದ ಹಾಗಾಯಿತೇ? ಬೆಲೆ ಬಿದ್ದರೆ ಅದು ಕೊಂಡವರ ಪಾಡು, ಅದರಲ್ಲಿ ಎರಡು ಮಾತಿಲ್ಲ. ಕಾವಲಿಗೆ ಕೊಟ್ಟದ್ದು ಮಾಯವಾದರೆ ಕಾವಲು ಕಾದವರನ್ನು ಕೇಳಬೇಕು.

ಇನ್ನೊಂದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು: ಕಾಯಿನ್ ಹೊರಗೆ ತೆಗೆಯುವ ಹಕ್ಕು. ಕೊಂಡವರು ಕೇಳಿದ ತಕ್ಷಣ ಅವರ ಸ್ವಂತ ವಾಲೆಟ್‌ಗೆ ಕಳಿಸಲೇಬೇಕು ಎಂದು ನಿಯಮದಲ್ಲಿ ಇರಲಿ. ಕೆಲವು ಆಪ್‌ಗಳಲ್ಲಿ ಕೊಳ್ಳಬಹುದು, ಮಾರಬಹುದು, ಹೊರಗೆ ಕಳಿಸಲು ಮಾತ್ರ ದಾರಿ ಇಟ್ಟಿಲ್ಲ. ಕಳಿಸಲು ಬಿಡುವ ಕಡೆಯೂ ಗಿರಾಕಿಗಳು ಹಿಂಜರಿಯುತ್ತಾರೆ. "ಸರ್, ನನ್ನ ವಾಲೆಟ್‌ಗೇ ಕಳಿಸಿಕೊಂಡ್ರೆ ಟ್ಯಾಕ್ಸ್ ಬೀಳುತ್ತಾ?" ಎಂದು ನನ್ನನ್ನು ಕೇಳುತ್ತಲೇ ಇರುತ್ತಾರೆ. ಮಾಲೀಕರು ಬದಲಾಗದಿದ್ದರೆ ಅದು ಮಾರಾಟ ಅಲ್ಲ, ತೆರಿಗೆ ಬೀಳಬಾರದು ಅಂತ ನಾನು ಹೇಳುತ್ತೇನೆ. ಅದನ್ನು ಸಿಬಿಡಿಟಿ, ಅಂದರೆ ಕೇಂದ್ರದ ನೇರ ತೆರಿಗೆ ಮಂಡಳಿ, ಒಂದು ಸುತ್ತೋಲೆಯಲ್ಲಿ ಹೇಳಿದರೆ ಜನ ಧೈರ್ಯವಾಗಿ ತಮ್ಮ ಕಾಯಿನ್ ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಖಜಾನೆಗೆ ಇದರಿಂದ ಒಂದು ರೂಪಾಯಿಯೂ ಖೋತಾ ಇಲ್ಲ.

ಕಾನೂನು ಬರುವವರೆಗೆ ಜನ ಸುಮ್ನೆ ಕೂರುವ ಹಾಗಿಲ್ಲ. ಆದ್ದರಿಂದ ಈ ಪತ್ರ ಓದುತ್ತಿರುವ ಉಳಿದವರಿಗೂ ಕೆಲವು ಮಾತು. ಸಚಿವರು ಇದನ್ನೂ ಓದಲಿ, ಜನ ಎಷ್ಟೆಲ್ಲ ತಾವೇ ನೋಡಿಕೊಳ್ಳಬೇಕಾಗಿದೆ ಅಂತ ತಿಳಿಯುತ್ತದೆ.

ಮೊದಲು ನಿಮ್ಮ ಕಾಯಿನ್‌ನ ಪ್ರೈವೇಟ್ ಕೀ, ಅಂದರೆ ಅದನ್ನು ಸಾಗಿಸಲು ಬೇಕಾದ ಗುಟ್ಟಿನ ಸಂಖ್ಯೆ, ಯಾರ ಬಳಿ ಇದೆ ಅಂತ ತಿಳಿದುಕೊಳ್ಳಿ. ಮೊಬೈಲ್ ನಂಬರ್, ಒಟಿಪಿ ಹಾಕಿ ಒಳಗೆ ಹೋಗುವ ಎಕ್ಸ್‌ಚೇಂಜ್ ಆಪ್ ಆದರೆ ಕೀ ಸಾಮಾನ್ಯವಾಗಿ ಕಂಪನಿಯ ಬಳಿ ಇರುತ್ತದೆ. ಪರದೆಯಲ್ಲಿ ಕಾಣುವ ಮೊತ್ತ ಅವರು ನಿಮಗೆ ಕೊಡಬೇಕಾದ ಬಾಕಿ ಅಷ್ಟೇ. ಶುರುವಿನಲ್ಲಿ ಹನ್ನೆರಡು ಅಥವಾ ಇಪ್ಪತ್ನಾಲ್ಕು ಇಂಗ್ಲಿಷ್ ಪದ ಬರೆದಿಟ್ಟುಕೊಳ್ಳಿ ಅಂತ ಹೇಳಿದ ವಾಲೆಟ್ ಆದರೆ ಕೀ ನಿಮ್ಮದು. ಆ ಪದಗಳೇ ಸೀಡ್ ಫ್ರೇಸ್. ಈ ಎರಡನೆಯ ಬಗೆಯ ವಾಲೆಟ್‌ನ ವೆಬ್‌ಸೈಟ್ ಬಿದ್ದುಹೋದರೆ, ಕಂಪನಿಯೇ ಮುಚ್ಚಿದರೆ ಗಾಬರಿ ಬೇಡ. ಕಾಯಿನ್ ಇರುವುದು ಬ್ಲಾಕ್‌ಚೈನ್ ಎಂಬ, ಜಾಲದವರೆಲ್ಲ ಹಂಚಿಕೊಂಡ ಲೆಕ್ಕದ ಪುಸ್ತಕದಲ್ಲಿ, ಆ ವೆಬ್‌ಸೈಟ್‌ನಲ್ಲಿ ಅಲ್ಲ. ಅದೇ ಪದಗಳನ್ನು ಅದೇ ಕ್ರಮದಲ್ಲಿ ಇನ್ನೊಂದು ನಂಬಿಕಸ್ಥ ವಾಲೆಟ್‌ಗೆ ಹಾಕಿದರೆ ಕಾಯಿನ್ ಕಾಣುತ್ತದೆ. 2,048 ಪದಗಳ ಒಂದೇ ಪಟ್ಟಿಯನ್ನು ಹೆಚ್ಚಿನ ವಾಲೆಟ್‌ಗಳು ಬಳಸುವುದರಿಂದ ಇದು ಸಾಧ್ಯ.

ಆದರೆ ವಾಲೆಟ್ ಆಪ್‌ನಲ್ಲೇ ತೂತು ಇದ್ದರೆ ಮಾತು ಬೇರೆ. 2022ರ ಆಗಸ್ಟ್‌ನಲ್ಲಿ ಸೊಲಾನಾ ಜಾಲದ ಸಾವಿರಾರು ವಾಲೆಟ್‌ಗಳು ಖಾಲಿಯಾದವು. ಹುಡುಕಿದಾಗ ಸ್ಲೋಪ್ ಎಂಬ ವಾಲೆಟ್ ಆಪ್ ಬಳಕೆದಾರರ ಸೀಡ್ ಫ್ರೇಸನ್ನು ಸರ್ವರ್‌ಗೆ ಕಳಿಸುತ್ತಿದ್ದದ್ದು ಗೊತ್ತಾಯಿತು. ಅಂಥ ಹೊತ್ತಿನಲ್ಲಿ ಹಳೆಯ ಪದಗಳನ್ನು ಹೊಸ ಆಪ್‌ಗೆ ಹಾಕಿದರೆ ಏನೂ ಪ್ರಯೋಜನವಿಲ್ಲ, ಯಾಕೆಂದರೆ ಕಳ್ಳರ ಕೈಯಲ್ಲಿರುವುದು ಆ ಪದಗಳೇ. ಹೊಸ ಪದಗಳ ಹೊಸ ವಾಲೆಟ್ ಮಾಡಿ ಕಾಯಿನ್‌ಗಳನ್ನೇ ಅದಕ್ಕೆ ಸಾಗಿಸಬೇಕು, ಅದೂ ತಡಮಾಡದೆ.

ಎಕ್ಸ್‌ಚೇಂಜ್‌ನಲ್ಲಿ ವ್ಯಾಪಾರಕ್ಕೆ ಬೇಕಾದಷ್ಟು ಬಿಟ್ಟು ಉಳಿದದ್ದನ್ನು ಹೊರಗೆ ತೆಗೆಯಿರಿ. ಎಲ್ಲಾ ಸರಿ ಇರುವಾಗಲೇ ತೆಗೆಯಬೇಕು. ಸುದ್ದಿ ಹಬ್ಬಿದ ಮೇಲೆ ಬಟನ್ ಒತ್ತಿದರೆ ಆಗುವುದಿಲ್ಲ. ಮೊದಲು ಚಿಕ್ಕ ಮೊತ್ತ ಕಳಿಸಿ ನೋಡಿ. ಜಾಲ ಎರಡೂ ಕಡೆ ಒಂದೇ ಇರಬೇಕು. ಯುಎಸ್‌ಡಿಟಿ ಎಂಬ ಕಾಯಿನ್ ಇಥೀರಿಯಂನಲ್ಲೂ ಇದೆ, ಟ್ರಾನ್‌ನಲ್ಲೂ ಇದೆ. ತಪ್ಪು ಜಾಲ ಆರಿಸಿದರೆ ವಾಪಸ್ ತರುವುದು ದೊಡ್ಡ ಪಾಡು, ಕೆಲವೊಮ್ಮೆ ಆಗುವುದೇ ಇಲ್ಲ. ಇನ್ನೊಂದು ಎಕ್ಸ್‌ಚೇಂಜ್‌ಗೆ ಎಕ್ಸ್‌ಆರ್‌ಪಿ ಕಳಿಸುವಾಗ ನಿಮ್ಮ ಖಾತೆ ಗುರುತಿಸಲು ಅವರು ಕೊಡುವ ಟ್ಯಾಗ್ ನಂಬರ್ ಮರೆಯಬೇಡಿ. ಕಾಯಿನ್ ಹೋಗಬೇಕಾದ ವಾಲೆಟ್‌ನ ವಿಳಾಸವನ್ನು ಕಾಪಿ ಮಾಡಿ ಹಾಕಿದ ಮೇಲೂ ಕಣ್ಣಿಂದ ಪೂರ್ತಿ ಓದಿ. ಕಾಪಿ ಮಾಡಿದ ವಿಳಾಸವನ್ನು ಗುಟ್ಟಾಗಿ ಬದಲಿಸುವ ವೈರಸ್‌ಗಳಿವೆ.

ಸರ್ವಿಸ್ ನಿಂತ ದಿನವೇ ಕಳ್ಳರಿಗೆ ಸುಗ್ಗಿ. ಟೆಲಿಗ್ರಾಂನಲ್ಲಿ, ಎಕ್ಸ್‌ನಲ್ಲಿ ಕಂಪನಿಯ ಲೋಗೋ ಹಾಕಿಕೊಂಡು "ರಿಫಂಡ್ ಫಾರ್ಮ್ ತುಂಬಿ", "ವಾಲೆಟ್ ವೆರಿಫೈ ಮಾಡಿ" ಅಂತ ಲಿಂಕ್ ಕಳಿಸುತ್ತಾರೆ. ಗೂಗಲ್‌ನಲ್ಲಿ ಹುಡುಕಿದ ಕಸ್ಟಮರ್ ಕೇರ್ ನಂಬರ್ ನಂಬಬೇಡಿ. ಸೀಡ್ ಫ್ರೇಸ್ ಕೇಳಿದರೆ ಅವನು ಕಳ್ಳ, ಇದರಲ್ಲಿ ಅನುಮಾನವೇ ಬೇಡ. ಕಳೆದ ಕಾಯಿನ್ ಹಿಂದೆ ತಂದುಕೊಡುತ್ತೇನೆ, ಮುಂಗಡ ಫೀಸ್ ಕೊಡಿ ಅನ್ನುವವನೂ ಅಷ್ಟೇ. ಆ ದಿನ ನೀವು ಮಾಡಬೇಕಾದ ಕೆಲಸ ಬೇರೆ: ಲಾಗಿನ್ ಆಗುತ್ತಿರುವಾಗಲೇ ಖಾತೆಯ ಮೊತ್ತದ ಸ್ಕ್ರೀನ್‌ಶಾಟ್, ಪೂರ್ತಿ ವ್ಯವಹಾರದ ಪಟ್ಟಿ, ಹಣ ಹಾಕಿದ ಬ್ಯಾಂಕ್ ಸ್ಟೇಟ್‌ಮೆಂಟ್ ಇಳಿಸಿಟ್ಟುಕೊಳ್ಳಿ. ಆಪ್ ಮುಚ್ಚಿದ ಮೇಲೆ ಇವು ಸಿಗುವುದಿಲ್ಲ. ನಿಮ್ಮ ವಾಲೆಟ್‌ನಿಂದಲೇ ಕಳುವಾಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ವ್ಯವಹಾರದ ಹ್ಯಾಶ್ (ಅದರ ಗುರುತಿನ ಸಂಖ್ಯೆ), ಕಾಯಿನ್ ಹೋದ ವಿಳಾಸ ಬರೆದು ಸೈಬರ್ ಅಪರಾಧ ನೋಡುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ದೂರು ಕೊಡಿ.

ಸೀಡ್ ಫ್ರೇಸನ್ನು ಕಾಗದದಲ್ಲಿ ಬರೆದು ಎರಡು ಬೇರೆ ಜಾಗದಲ್ಲಿಡಿ. ಫೋನಿನ ಗ್ಯಾಲರಿ ಬೇಡ, ವಾಟ್ಸಾಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳುವುದೂ ಬೇಡ. ಮನೆಯಲ್ಲಿ ಒಬ್ಬರಿಗಾದರೂ ಅದು ಎಲ್ಲಿದೆ ಅಂತ ಗೊತ್ತಿರಲಿ. ಇಲ್ಲಿ ನಾಮಿನಿ ಫಾರ್ಮ್ ಇಲ್ಲ. ಪದಗಳು ಕಳೆದರೆ ಯಾವ ಕೋರ್ಟೂ ಅದನ್ನು ತೆರೆಸಿಕೊಡಲಾರದು. ಈ ಭಾರ ಎಲ್ಲರಿಗೂ ಹೊರಲು ಆಗುವುದಿಲ್ಲ. ಅದಕ್ಕೇ ಜನ ಕಂಪನಿಗಳ ಬಳಿ ಇಡುತ್ತಾರೆ. ಅವರನ್ನು ದಡ್ಡರು ಅನ್ನಬಾರದು.

ಮಾನ್ಯ ಸಚಿವರೇ, ದೊಡ್ಡ ಕಾಯ್ದೆಗೆ ಸಮಯ ಬೇಕು ಅಂತ ಗೊತ್ತು. ಅಲ್ಲಿಯವರೆಗೆ ಎಫ್‌ಐಯು ನೋಂದಣಿಗೇ ಕೆಲವು ಷರತ್ತು ಸೇರಿಸುವ ದಾರಿ ನೋಡಿ. ಗ್ರಾಹಕರ ಕಾಯಿನ್ ಬೇರೆ ವಾಲೆಟ್‌ನಲ್ಲಿರಲಿ, ಅದರ ಹೆಚ್ಚಿನ ಪಾಲು ಕೋಲ್ಡ್ ವಾಲೆಟ್‌ನಲ್ಲಿರಲಿ. ಹೊರಗಿನ ಲೆಕ್ಕಪರಿಶೋಧಕರು ಕಾಯಿನ್ ಮತ್ತು ಬಾಕಿ ಎರಡನ್ನೂ ತಾಳೆ ನೋಡಿ ವರದಿಯನ್ನು ಜನರ ಮುಂದಿಡಲಿ. ಸೈಬರ್ ದಾಳಿಯಾದರೆ ಆರು ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು ಎಂದು 2022ರಲ್ಲೇ ನಿರ್ದೇಶನ ಬಂದಿದೆ. ಕಾಯಿನ್ ಹೋದದ್ದನ್ನು ಗ್ರಾಹಕರಿಗೆ ತಿಳಿಸಲೂ ಅಂಥದ್ದೇ ಗಡುವು ಇರಲಿ. ಭಾರತದ ಗ್ರಾಹಕರ ಒಪ್ಪಂದ ಭಾರತದ ಕೋರ್ಟಿನ ವ್ಯಾಪ್ತಿಯಲ್ಲೇ ಇರಲಿ, ಮಾತೃಸಂಸ್ಥೆ ಯಾವ ದೇಶದ್ದೇ ಆಗಿರಲಿ. ಕಳವಾದ ಕಾಯಿನ್‌ನ ಕೊಂಡ ಬೆಲೆಯನ್ನು ಅದೇ ವರ್ಷದ ಕ್ರಿಪ್ಟೋ ಲಾಭದಲ್ಲಿ ಕಳೆಯಲು ಬಿಡಿ. ಪೊಲೀಸ್ ದೂರಿನ ಪ್ರತಿ ಇದ್ದವರಿಗೆ ಮಾತ್ರ ಅಂತ ಷರತ್ತು ಹಾಕಿದರೂ ಸರಿಯೇ.

ಇದರಲ್ಲಿ ಸ್ವಂತ ವಾಲೆಟ್ ಕುರಿತ ಸುತ್ತೋಲೆಗೆ ಸಂಸತ್ತಿನ ಒಪ್ಪಿಗೆಯೂ ಬೇಕಿಲ್ಲ. ಮುಂದಿನ ರಿಟರ್ನ್ ಹಂಗಾಮು ಶುರುವಾಗುವ ಮುಂಚೆ ಅದೊಂದನ್ನಾದರೂ ಹೊರಡಿಸಿ ಎಂದು ಕೇಳಿಕೊಳ್ಳುತ್ತೇನೆ. ಈ ಪತ್ರದ ಪ್ರತಿಯನ್ನು ಸಿಬಿಡಿಟಿ ಅಧ್ಯಕ್ಷರಿಗೂ ನಮ್ಮ ಜಿಲ್ಲೆಯ ಸಂಸದರಿಗೂ ಕಳಿಸುತ್ತಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ತೆರಿಗೆ ಸಲಹೆಗಾರ, ದಾವಣಗೆರೆ